ಮನೆಯ ನ್ಯಾಸ್‌ಗೆ ಮಾಮೂಲಿ ಹಾರ್ಡ್ ಡಿಸ್ಕ್ ಹಾಕಿದರೆ ಸಾಲದೇ?

ನ್ಯಾಸ್ ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸುವ ಸ್ಟೋರೇಜ್ ಪೆಟ್ಟಿಗೆ. ಅದರಲ್ಲಿ ಒಂದೇ ಡಿಸ್ಕ್ ಇದ್ದರೆ ಮಾಮೂಲಿಯದೂ ನಡೆಯುತ್ತದೆ. ಆದರೆ ರೈಡ್ ಮಾಡುವುದಾದರೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವನ್ನು ಜೋಡಿಸುವುದಾದರೆ, ಡೇಟಾದ ಸಾಲುಗಳು ಬಿಡಿಬಿಡಿಯಾಗಿರುವ ಸಿಎಂಆರ್ ಡಿಸ್ಕನ್ನೇ ತಗೊಳ್ಳಿ. ಎಸ್‌ಎಂಆರ್ ಬೇಡ.

ಯಾಕೆ? ಎಸ್‌ಎಂಆರ್ ಡಿಸ್ಕಿನಲ್ಲಿ ಡೇಟಾದ ಸಾಲುಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಅಷ್ಟೇ ಜಾಗದಲ್ಲಿ ಜಾಸ್ತಿ ಡೇಟಾ ಹಿಡಿಯುತ್ತದೆ, ನಿಜ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಪಕ್ಕದ್ದನ್ನೂ ಎತ್ತಬೇಕಲ್ವಾ? ಹಾಗೇ ಒಂದು ಸಾಲು ತಿದ್ದಿದರೆ ಮುಂದಿನ ಸಾಲುಗಳನ್ನೂ ಮತ್ತೆ ಬರೆಯಬೇಕು. ನಾಲ್ಕು ಫೋಟೋ ಹಾಕುವಾಗ ಇದು ಗೊತ್ತೇ ಆಗುವುದಿಲ್ಲ. ಬಿಡುವಿದ್ದಾಗ ಡಿಸ್ಕ್ ಸರಿಮಾಡಿಕೊಳ್ಳುತ್ತದೆ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದಾಗ ಮಾತ್ರ ಆ ಬಿಡುವು ಸಿಗುವುದಿಲ್ಲ. ರೈಡ್ ಗಂಟೆಗಟ್ಟಲೆ ಬರೆಯುತ್ತಲೇ ಇರುತ್ತದೆ. ಎಸ್‌ಎಂಆರ್ ಆಗ ಏದುಸಿರು ಬಿಡುತ್ತದೆ. ಕೆಲವೊಮ್ಮೆ ಇದೂ ಕೆಟ್ಟಿದೆ ಅಂದುಕೊಂಡು ನ್ಯಾಸ್ ಅದನ್ನು ಹೊರಗೇ ಹಾಕುತ್ತದೆ!

ಡಬ್ಬದ ಮೇಲೆ ನ್ಯಾಸ್ ಅಂತ ಇದ್ದರೆ ಸಾಕು ಅಂದುಕೊಳ್ಳಬೇಡಿ. ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕ್‌ಗಳೇ ಎಸ್‌ಎಂಆರ್ ಎಂದು 2020ರಲ್ಲಿ ಬಯಲಾಯಿತು. ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಸಿಎಂಆರ್. ಮಾಡೆಲ್ ನಂಬರ್ ಹಿಡಿದು ಕಂಪನಿಯ ವಿವರಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ.

ಇನ್ನು 7200 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ, ಸುಮ್ನೆ ದುಡ್ಡು ಸುರಿಯಬೇಡಿ. 1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಸಾಗಿದರೆ ಹೆಚ್ಚು. 5400ರ ಈಗಿನ ಡಿಸ್ಕ್‌ಗೆ ಅದು ದೊಡ್ಡ ಕೆಲಸವೇನಲ್ಲ.