ಗೋವಾದಲ್ಲಿರುವ ಹಳೆಯ ವೇಫೇರರ್ ಹಾಯಿದೋಣಿ, ಟ್ರೇಲರ್ ಸಮೇತ: ಹೇಮಾವತಿ ಹಿನ್ನೀರಿಗೆ ಕೊಳ್ಳಬಹುದೇ?

‘ಹತ್ತು ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್) ಓಡುತ್ತದಂತೆ, ತೂಕ ಬರೀ 170 ಕಿಲೋ ಅಂತೆ, ಟ್ರೇಲರ್ ಜೊತೆಗೇ ಕೊಡುತ್ತಾರಂತೆ, ಹಾಸನಕ್ಕೆ ತರಲಾ’ ಅಂತ ಕೇಳಿದ್ದೀರಿ. ಇದೇ ಮೂರು ಮಾತು ನಂಬಿ ಇದೇ ಮಾದರಿಯ ದೋಣಿಯನ್ನು ಕರಾವಳಿಯಿಂದ ತಂದವನು ನಾನು. ವೇಗದ ಮಾತು ಆಮೇಲಿರಲಿ. ನನ್ನನ್ನು ಗೊರೂರಿನ ಹಿನ್ನೀರಿನಲ್ಲಿ ಕಷ್ಟಕ್ಕೆ ಸಿಕ್ಕಿಸಿದ್ದು ನಡುವಿನ ಮಾತು, ಆ 170 ಕಿಲೋ.

ಮಾರಿದವರು ಸುಳ್ಳು ಹೇಳಿರಲಿಲ್ಲ. ವೇಫೇರರ್ ಒಡಲಿನ ತೂಕ 169 ಕಿಲೋ ಅಂತಲೇ ಪುಸ್ತಕದಲ್ಲಿರುವುದು. ಉದ್ದ 4.82 ಮೀಟರ್, ಅಗಲ 1.85. ನಾನು ಮಾಡಿದ ತಪ್ಪು ಏನೆಂದರೆ, ದೋಣಿಯ ಮೂತಿ ಹಿಡಿದು ಎತ್ತಿ ನೋಡಿ ‘ಹಗುರವಾಗಿದೆ’ ಅಂದುಕೊಂಡೆ. ಮೂತಿ ಎತ್ತಿದಾಗ ದೋಣಿ ತನ್ನ ಹಿಂಬದಿಯ ಮೇಲೆ ತಿರುಗುತ್ತದೆ. ಹಿಂದಿನ ತುದಿಯಲ್ಲಿ ಎಷ್ಟು ಭಾರವಿದ್ದರೂ ಅದು ನೆಲದ ಮೇಲೆಯೇ ಕೂತಿರುತ್ತದೆ, ಕೈಗೆ ಬರುವುದೇ ಇಲ್ಲ. ನನ್ನ ದೋಣಿಯ ಭಾರವೆಲ್ಲ ಇದ್ದದ್ದು ಅಲ್ಲೇ, ಹಿಂದಿನ ತೇಲುತೊಟ್ಟಿಯೊಳಗೆ.

ಈ ದೋಣಿಗೆ ಮುಂದೊಂದು ಹಿಂದೊಂದು ಮುಚ್ಚಿದ ಗಾಳಿತೊಟ್ಟಿ ಇರುತ್ತದೆ, ಮಗುಚಿದಾಗ ತೇಲಿಸುವುದು ಅವೇ. ಹಿಂದಿನ ಮಾಲೀಕರು ಯಾರೋ ‘ಇನ್ನೂ ಭದ್ರವಾಗಲಿ’ ಎಂದು ಆ ತೊಟ್ಟಿಗೆ ಎರಡು ದ್ರಾವಣ ಬೆರೆಸಿ ಸುರಿಯುವ ಪಾಲಿಯುರೆಥೇನ್ ಫೋಮ್ ತುಂಬಿಸಿದ್ದರು. ಚುಕ್ಕಾಣಿ ನೇತುಹಾಕುವ ಹಿತ್ತಾಳೆ ಕೊಂಡಿಗಳ ಬೋಲ್ಟುಗಳು ಹಿಂಬದಿ ಹಲಗೆಯನ್ನು ತೂರಿ ಇದೇ ತೊಟ್ಟಿಯೊಳಕ್ಕೆ ಹೋಗುತ್ತವೆ. ಬೋಲ್ಟಿನ ಸುತ್ತಲಿನ ಸೀಲೆಂಟ್ ಒಣಗಿ ಬಿರುಕು ಬಿಟ್ಟಿತ್ತು. ನೀರಿಗಿಳಿದಾಗಲೆಲ್ಲ ಹನಿಹನಿಯಾಗಿ ಒಳಗೆ ನೀರು. ಖಾಲಿ ತೊಟ್ಟಿಯಾಗಿದ್ದರೆ ಬಿರಡೆ ತೆಗೆದರೆ ಹರಿದುಹೋಗುತ್ತಿತ್ತು. ಫೋಮ್ ಇದ್ದದ್ದರಿಂದ ಉಳಿದುಬಿಟ್ಟಿತು. ಈ ಫೋಮ್ ನೀರು ಹೀರುವುದಿಲ್ಲ ಎಂದು ಹೇಳುತ್ತಾರೆ. ಹೊಸದರಲ್ಲಿ ಅದು ನಿಜ. ವರ್ಷಗಟ್ಟಲೆ ನೀರಿನಲ್ಲಿ ನೆನೆದರೆ ಅದರ ಸಣ್ಣ ಕೋಶಗಳು ಒಡೆದು ಸ್ಪಂಜಿನಂತಾಗುತ್ತದೆ, ಬಿಸಿಲಿಗಿಟ್ಟರೂ ಒಣಗುವುದಿಲ್ಲ.

ಮೊದಲ ಲಕ್ಷಣ ಮೆಲುಗಾಳಿಯಲ್ಲೇ ಕಂಡಿತ್ತು. ಹಿಂಬದಿ ಹಲಗೆಯ ಅಂಚು ನೀರಿನಲ್ಲಿ ಮುಳುಗಿ ಹಿಂದೆ ಗುಳುಗುಳು ಸುಳಿ ಏಳುತ್ತಿತ್ತು. ಹಾಯಿಯದ್ದೇ ದೋಷವೆಂದುಕೊಂಡು ಹಗ್ಗಗಳನ್ನು ಸರಿಮಾಡುತ್ತಾ ಕೂತೆ. ಆಷಾಢದ ಒಂದು ಬೀಸಿಗೆ ದೋಣಿ ಮಗುಚಿತು. ಮಗುಚುವುದು ದೊಡ್ಡ ವಿಷಯವಲ್ಲ, ದೋಣಿಯ ತಳದಿಂದ ನೀರಿಗಿಳಿಯುವ ಹಲಗೆ, ಅಂದರೆ ಸೆಂಟರ್‌ಬೋರ್ಡಿನ ಮೇಲೆ ನಿಂತು ಎತ್ತಿದೆವು, ಎದ್ದಿತು. ಆದರೆ ಹಿಂಬದಿ ಕೆಳಗೇ ಉಳಿಯಿತು. ಸೆಂಟರ್‌ಬೋರ್ಡ್ ಇಳಿಯುವ ಪೆಟ್ಟಿಗೆಯ ಮೇಲಿನ ಬಾಯಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿತ್ತು. ಆಗ ಬಕೆಟಿನಲ್ಲಿ ಎಷ್ಟು ಮೊಗೆದು ಹಾಕಿದರೂ ಅಷ್ಟೇ ನೀರು ಆ ಸೀಳಿನಿಂದ ಚಿಮ್ಮಿ ಒಳಬರುತ್ತದೆ. ಮೀನು ಹಿಡಿಯುವವರ ತೆಪ್ಪ ಬಂದು ದಡಕ್ಕೆ ಎಳೆಯಿತು. ಲೈಫ್ ಜಾಕೆಟ್ ಹಾಕಿದ್ದರಿಂದ ಇಬ್ಬರಿಗೂ ಏನೂ ಆಗಲಿಲ್ಲ.

ಆಮೇಲೆ ತೂಗಿದಾಗ ಬಂದದ್ದು 226 ಕಿಲೋ. ಇರಬೇಕಾದ್ದಕ್ಕಿಂತ 57 ಹೆಚ್ಚು. ಶುಂಠಿ ಮೂಟೆ ತೂಗುವ ಒಂದು ಎಲೆಕ್ಟ್ರಾನಿಕ್ ಯಂತ್ರ ಸಾಕಾಯಿತು. ನೀವು ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇದು. ಕಂಬ, ಬೂಮ್ (ಹಾಯಿಯ ಕೆಳ ಅಂಚಿನ ಅಡ್ಡಕೋಲು), ಹಾಯಿ, ಚುಕ್ಕಾಣಿ, ಬಿಡಿ ಸಾಮಾನು ಎಲ್ಲ ಇಳಿಸಿ. ಒಡಲಿನ ಕೆಳಗೆ ಮುಂದೊಂದು ಹಿಂದೊಂದು ಅಡ್ಡಮರ ಕೊಡಿ. ಮುಂದಿನ ಮರ ಯಂತ್ರದ ಮೇಲೆ, ಹಿಂದಿನದು ಅಷ್ಟೇ ಎತ್ತರದ ಇಟ್ಟಿಗೆ ಮೇಲೆ. ಅಂಕಿ ಬರೆದುಕೊಳ್ಳಿ. ಮರಗಳ ಜಾಗ ಕದಲಿಸದೆ ಯಂತ್ರವನ್ನು ಹಿಂದಕ್ಕೂ ಇಟ್ಟಿಗೆಯನ್ನು ಮುಂದಕ್ಕೂ ತನ್ನಿ. ಎರಡೂ ಅಂಕಿ ಕೂಡಿಸಿ, ಮರಗಳ ತೂಕ ಕಳೆಯಿರಿ. ದೋಣಿ ಎರಡೂ ಸಲ ಸಮತಟ್ಟಾಗಿರಬೇಕು, ಅದೊಂದೇ ಎಚ್ಚರ. ಲಾರಿ ತೂಗುವ ವೇಬ್ರಿಡ್ಜ್ ಬೇಡ. ಅದು ಐದು, ಹತ್ತು ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ, ನಮಗೆ ಬೇಕಾದ ವ್ಯತ್ಯಾಸ ಅದರಲ್ಲೇ ಕಳೆದುಹೋಗುತ್ತದೆ. 180 ಬಂದರೆ ಕೊಳ್ಳಿ, ಹಳೆಯ ದೋಣಿಗೆ ಅಷ್ಟು ಸಹಜ. 195 ದಾಟಿದರೆ ತೊಟ್ಟಿ ತೆರೆದು ತೋರಿಸಲು ಹೇಳಿ, ಒಪ್ಪದಿದ್ದರೆ ಎದ್ದು ಬನ್ನಿ.

ತೂಕ ಸರಿಯಿದ್ದರೂ ತೊಟ್ಟಿ ಸೋರುತ್ತದೆಯೇ ನೋಡಬೇಕು. ಬಿರಡೆಯ ತೂತಿಗೆ ಪ್ಲಾಸ್ಟಿಕ್ ಕೊಳವೆ ಬಿಗಿಯಾಗಿ ಸಿಕ್ಕಿಸಿ, ಬಾಯಿಂದ ಊದಿ, ಕೊಳವೆ ಮಡಚಿ ಹಿಡಿಯಿರಿ. ಇನ್ನೊಬ್ಬರು ಕೊಂಡಿಯ ಬೋಲ್ಟು, ಮುಚ್ಚಳದ ರಬ್ಬರ್, ಡೆಕ್ (ದೋಣಿಯ ಮೇಲ್ಹಾಸು) ಮತ್ತು ಒಡಲು ಸೇರುವ ಅಂಚಿಗೆಲ್ಲ ಸೋಪಿನ ನೊರೆ ಹಚ್ಚಲಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ತರಬೇಡಿ, ಡೆಕ್ ಕಿತ್ತು ಬರುತ್ತದೆ.

ನನ್ನದನ್ನು ಸರಿಮಾಡಲು ಹಿಂದಿನ ಡೆಕ್ ಕೊಯ್ದು ಫೋಮ್ ಪೂರಾ ಕೆತ್ತಿ ತೆಗೆಯಬೇಕಾಯಿತು. ಅದರ ಬದಲು ಬಿಗಿಯಾಗಿ ಮುಚ್ಚಿದ ಎರಡು ಲೀಟರಿನ 40 ಖಾಲಿ ಪೆಟ್ ಬಾಟಲಿ ತುಂಬಿದೆ. 80 ಲೀಟರ್ ತೇಲುಬಲ, ಒಂದು ಬಾಟಲಿ ಒಡೆದರೂ ಉಳಿದವು ಇರುತ್ತವೆ, ನೀರು ಬಂದರೆ ಹರಿದುಹೋಗುತ್ತದೆ. ಡೆಕ್ ಮುಚ್ಚಲು ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ (ಫೈಬರ್) ಮ್ಯಾಟನ್ನು ರೆಸಿನ್ ಅಂಟಿನಲ್ಲಿ ಮೂರು ಪದರ, ಜೊತೆಗೆ ಕೈಹಾಕುವಷ್ಟು ಅಗಲದ ತಿರುಗಿಸುವ ಮುಚ್ಚಳ. ಬೋಲ್ಟುಗಳಿಗೆ ಪಾಲಿಯುರೆಥೇನ್ ಸೀಲೆಂಟ್ ಹಾಕಿ, ಬಚ್ಚಲಿಗೆ ಬಳಸುವ ಸಿಲಿಕಾನ್ ಬೇಡ. ಈ ಕೆಲಸ ದೀಪಾವಳಿ ಕಳೆದ ಮೇಲೆಯೇ ಮಾಡಿ. ನಮ್ಮ ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ.

ಈಗ ಆ ಹತ್ತು ನಾಟ್. ಪ್ರಶ್ನೆಯನ್ನೇ ಕೈಬಿಡಿ ಅನ್ನುತ್ತೇನೆ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದ ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 2.43ರಿಂದ ಗುಣಿಸಿ. ಇದರದ್ದು ಸುಮಾರು ನಾಲ್ಕೂವರೆ ಮೀಟರ್, ಉತ್ತರ ಐದು ನಾಟ್‌ಗಿಂತ ತುಸು ಹೆಚ್ಚು, ಅಂದರೆ ಗಂಟೆಗೆ ಒಂಬತ್ತೂವರೆ ಕಿಲೋಮೀಟರ್. ಅದಕ್ಕಿಂತ ಜೋರು ಬೇಕಾದರೆ ದೋಣಿ ನೀರಿನ ಮೇಲೆದ್ದು ಜಾರಬೇಕು. ಅದಕ್ಕೆ ಗಾಳಿ ಗಂಟೆಗೆ 20ರಿಂದ 30 ಕಿಲೋಮೀಟರ್ ಬೀಸಬೇಕು, ದೋಣಿಯೂ ಹಗುರವಿರಬೇಕು. ಐವತ್ತು ಕಿಲೋ ನೀರು ಹೊತ್ತ ದೋಣಿ ಮೇಲೇಳುವುದೇ ಇಲ್ಲ. ಸಾಲದ್ದಕ್ಕೆ ಹೇಮಾವತಿಯ ಪೂರ್ಣ ಮಟ್ಟ 2922 ಅಡಿ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 8ರಷ್ಟು ಕಡಿಮೆ, ಅದೇ ವೇಗದ ಗಾಳಿ ಅದೇ ಹಾಯಿಗೆ ಅಷ್ಟು ಕಡಿಮೆ ಬಲ ಕೊಡುತ್ತದೆ. ಎಂಟರ್‌ಪ್ರೈಸ್ ಕೊಳ್ಳಲೋ ಜಿಪಿ14 ಕೊಳ್ಳಲೋ ಅಂತಲೂ ಕೇಳಿದ್ದೀರಿ, ಅವೂ ಇಂಥವೇ ಎರಡು ಮಾದರಿ ಹಾಯಿದೋಣಿ. ಬ್ರಿಟನ್ನಿನ ಪೋರ್ಟ್ಸ್‌ಮತ್ ಲೆಕ್ಕದಲ್ಲಿ (ಪಂದ್ಯಕ್ಕೆ ಬೇರೆ ಬೇರೆ ಮಾದರಿಗಳ ವೇಗ ಹೋಲಿಸಲು ಕೊಡುವ ಅಂಕಿ, ಹೆಚ್ಚಾದಷ್ಟು ದೋಣಿ ನಿಧಾನ) ಈ ಮೂರೂ 1100ರಿಂದ 1140ರ ಆಸುಪಾಸು. ನೂರು ನಿಮಿಷದ ಪಂದ್ಯದಲ್ಲಿ ಮೂರು ನಾಲ್ಕು ನಿಮಿಷದ ವ್ಯತ್ಯಾಸ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಮನೆಯವರನ್ನು ಕೂರಿಸಿಕೊಳ್ಳುವುದಾದರೆ ವೇಫೇರರ್ ಒಳ್ಳೆಯದು. 1963ರಲ್ಲಿ ಬ್ರಿಟನ್ನಿನ ಫ್ರಾಂಕ್ ಡೈ ಎಂಬ ಹಾಯಿಗಾರ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೆ ಇಂಥದ್ದರಲ್ಲೇ ಹೋದರು, ಅಷ್ಟು ಗಟ್ಟಿ ವಿನ್ಯಾಸ.

ಕಂಬ ಹಿಡಿದಿಡುವ ಸ್ಟೀಲ್ ವೈರುಗಳ ಮೇಲೆ, ಮುಖ್ಯವಾಗಿ ತುದಿಯಲ್ಲಿ ಒತ್ತಿ ಕೂರಿಸಿದ ಜಾಗದಲ್ಲಿ, ಹತ್ತಿ ಸವರಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಒಳಗಿನ ತಂತಿ ತುಂಡಾಗಿದೆ ಎಂದರ್ಥ, ವೈರ್ ಬದಲಿಸಲೇಬೇಕು. ಹಾಯಿಬಟ್ಟೆ ಕೈಯಲ್ಲಿ ಮುದುರಿದಾಗ ಹಳೆಯ ಪಂಚೆಯಂತೆ ಮೆತ್ತಗಿದ್ದರೆ ಅದರ ಆಯುಸ್ಸು ಮುಗಿದಿದೆ, ದರದಲ್ಲಿ ಕಳೆಯಿರಿ.

ಟ್ರೇಲರ್ ನೋಡಿ ಹಿಗ್ಗಬೇಡಿ. ಅದಕ್ಕೂ ನೋಂದಣಿ ಕಾಗದ ಬೇಕು. ಉಪ್ಪುನೀರಿನಲ್ಲಿ ಇಳಿದು ಹತ್ತಿದ ಬೇರಿಂಗ್ ಘಟ್ಟ ಹತ್ತುವಾಗ ಕೈಕೊಡುತ್ತದೆ. ನನ್ನ ಕೇಳಿದರೆ 17 ಅಡಿ ಬಾಡಿಯ ಐಷರ್ ಲಾರಿ ಮಾತಾಡಿ, ಒಳಗೆ ಹಳೆಯ ಟೈರ್ ಹಾಸಿ ದೋಣಿ ಕೂರಿಸಿ ತನ್ನಿ. ಟ್ರೇಲರನ್ನು ಹಾಸನದಲ್ಲಿ ಬೇರಿಂಗ್ ಬದಲಿಸಿದ ಮೇಲೆ ಬಳಸಿ. ನೀರಿಗಿಳಿಸುವ ಮುಂಚೆ ಅರ್ಧ ಗಂಟೆ ಚಕ್ರ ಆರಲು ಬಿಡಿ. ಬಿಸಿ ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಹಿನ್ನೀರಿಗಿಳಿಯಲು ನೀರಾವರಿ ಕಚೇರಿಯಿಂದ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ, ದೋಣಿಗೆ ಮುಂಗಡ ಕೊಡುವ ಮೊದಲೇ. ಜಲಾಶಯದ ಮಟ್ಟ ಪತ್ರಿಕೆಯಲ್ಲಿ ದಿನವೂ ಬರುತ್ತದೆ, ಅದನ್ನು ನೋಡುತ್ತಿರಿ. ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಗೋಡೆ ಬುಡದವರೆಗೆ ಕಾಣುವ ಕಾಲಕ್ಕೆ ದಡವೆಲ್ಲ ಕೆಸರು, ಮುಳುಗಿದ್ದ ಮರದ ಬುಡಗಳು ಸೆಂಟರ್‌ಬೋರ್ಡಿಗೆ ತಾಗುವಷ್ಟು ಮೇಲಿರುತ್ತವೆ. ಕೆಸರಿನಲ್ಲಿ ಟ್ರಾಲಿ (ದೋಣಿಯನ್ನು ಕೈಯಿಂದ ತಳ್ಳಿ ನೀರಿಗಿಳಿಸುವ ಚಕ್ರದ ಚೌಕಟ್ಟು) ಹೂತುಹೋಗದಿರಲು ಅಡಿಕೆ ದಬ್ಬೆಗಳನ್ನು ಅಡ್ಡಡ್ಡ ಹಾಸಿ, ನಾಲ್ಕು ಜನ ಇರಲಿ. ಕಂಬ ನಿಲ್ಲಿಸುವ ಮುಂಚೆ ತಲೆ ಎತ್ತಿ ಕರೆಂಟ್ ತಂತಿ ನೋಡಿ. ಟ್ರಾಲಿಯ ಮೇಲೆ ಅಲ್ಯೂಮಿನಿಯಂ ಕಂಬದ ತುದಿ ಸುಮಾರು 7 ಮೀಟರ್ ಎತ್ತರಕ್ಕೆ ಹೋಗುತ್ತದೆ, ಹೊಲದ ಮೇಲೆ ಹಾದ 11 ಕೆವಿ ತಂತಿ ಜೋಲುಬಿದ್ದಲ್ಲಿ ಅಷ್ಟೇ ಎತ್ತರದಲ್ಲಿರಬಹುದು. ಕಂಬವನ್ನು ನೀರಿನಂಚಿನಲ್ಲೇ ನಿಲ್ಲಿಸಿ, ವಾಪಸ್ ಬಂದಾಗ ಅಲ್ಲೇ ಇಳಿಸಿ, ಆಮೇಲೆ ದೋಣಿಯನ್ನು ದಡಕ್ಕೆ ಎಳೆಯಿರಿ.