ಪ್ರಶ್ನೋತ್ತರ: ಗ್ಲಾಕ್ 30 ಅಥವಾ 36?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಅಂಗಿಯೊಳಗೆ ಮರೆಯಾಗಿ ಒಯ್ಯಲು .45 ಎಸಿಪಿ ಅಳತೆಯ ಗುಂಡು ಹಾರಿಸುವ ಈ ಎರಡು ಪಿಸ್ತೂಲುಗಳಲ್ಲಿ ಯಾವುದು ಲೇಸು?

ಉತ್ತರ: ನಳಿಗೆ ಎರಡರಲ್ಲೂ ಸುಮಾರು 96 ಮಿ.ಮೀ., ಅಲ್ಲೇನೂ ಆಯ್ಕೆಯಿಲ್ಲ. ಅಂಗಿಯಡಿ ಉಬ್ಬಿ ಕಾಣುವುದು ಹಿಡಿ. 36 ತೆಳು, ಆದರೆ ಮ್ಯಾಗಜಿನ್‌ನಲ್ಲಿ 6 ಗುಂಡು ಮಾತ್ರ. ದಪ್ಪ ಹಿಡಿಯ 30ರಲ್ಲಿ 10. ಹಗುರವಾದ 36 ಜೋರಾಗಿ ಒದೆಯುತ್ತದೆ. ಮಣಿಕಟ್ಟು ಸಡಿಲವಿದ್ದರೆ ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಸರಿಯುವ ಮೇಲಿನ ಭಾಗ) ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಳ್ಳಬಹುದು; ಜನ ಬೈಯುವುದು ಪಿಸ್ತೂಲನ್ನು! ಅಂಗೈ ದೊಡ್ಡದಿದ್ದರೆ 30 ಕೊಳ್ಳಿ. ಕೊಳ್ಳುವ ಮುನ್ನ ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ಪಡೆದು, ಒಯ್ಯಲಿರುವ ಗುಂಡಿನಿಂದಲೇ ಎರಡನ್ನೂ ಹಾರಿಸಿ ನೋಡಿ. ಗ್ಲಾಕ್‌ಗೆ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಲಾಕ್ ಇಲ್ಲ, ಹಾಗಾಗಿ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬೇಕೇ ಬೇಕು. ಎಚ್-1ಬಿ ವೀಸಾದಲ್ಲಿರುವ ಗೆಳೆಯರ ಕೈಗೆ ಮಾತ್ರ ಕೊಡಬೇಡಿ: ಕೆಲವು ವಿನಾಯಿತಿಗಳನ್ನು ಬಿಟ್ಟರೆ ಫೆಡರಲ್ ಕಾನೂನಿನಲ್ಲಿ ಅದು ಅಪರಾಧ.