ವಿಚಿತ್ರ ಹಳೇ ಗಾಡಿಗಳ ಆರು ಮಾಡೆಲ್: ನನ್ನ ಆಯ್ಕೆ, ಅದಕ್ಕೆ ಕಾರಣ

ನೀವು ಕೇಳಿದ್ದು ಎರಡು. ಹಳೆಯ ವಿಚಿತ್ರ ಗಾಡಿಗಳ ಆರು ಮಾಡೆಲ್ ಮಾಡಿ ಸಾಲಾಗಿ ಇಡಬೇಕು, ಯಾವುದನ್ನು ಆರಿಸಲಿ ಅಂತ ಒಂದು. ಇವೆಲ್ಲ ಕಾಲಕ್ಕಿಂತ ಮುಂದಿದ್ದವು, ಜನಕ್ಕೆ ಅರ್ಥವಾಗದೆ ಸೋತವು ಅನ್ನುತ್ತಾರಲ್ಲ, ನಿಜವಾ ಅಂತ ಇನ್ನೊಂದು. ಎರಡನೆಯದರಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಈ 'ಕಾಲಕ್ಕಿಂತ ಮುಂದೆ' ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಹಳಷ್ಟು ಗಾಡಿಗಳು ಸೋತ ಕಾರಣ ಗಾಡಿಯೊಳಗೇ ಇರುತ್ತದೆ. ಫೋಟೋ ನೋಡಿ ಮೊದಲು ಬೆರಗಾಗಿ, ತಪ್ಪಿಲ್ಲ. ಆಮೇಲೆ ಹುಡುಕಿ: ಸ್ಟಿಯರಿಂಗ್ ಯಾವ ಚಕ್ರವನ್ನು ತಿರುಗಿಸುತ್ತದೆ, ಇಂಜಿನ್ನಿನ ಬಿಸಿ ಯಾವ ಕಡೆಯಿಂದ ಹೊರಗೆ ಹೋಗುತ್ತದೆ, ದಿನಾ ಓಡಿಸುವವನಿಗೆ ಎಷ್ಟು ಕೆಲಸ ಬೀಳುತ್ತದೆ.

ನೀವು ಕಳಿಸಿದ ಪಟ್ಟಿಯ ಮೊದಲ ಹೆಸರು ಲೆಯಾ ಹೆಲಿಕಾ. ಫ್ರಾನ್ಸಿನ ಮಾರ್ಸೆಲ್ ಲೆಯಾ ಮಾಡಿದ್ದು. 1920ರ ಆಸುಪಾಸಿನಲ್ಲಿ ಸುಮಾರು ಮೂವತ್ತು ಗಾಡಿ ಬಂದವು. ಮುಂದೆ ವಿಮಾನದ ಹಾಗೆ ಮರದ ಪ್ರೊಪೆಲ್ಲರ್, ಹಿಂದೆ ಪ್ಲೈವುಡ್ ಮೈ. ಒಬ್ಬರ ಹಿಂದೆ ಒಬ್ಬರು ಕೂರಬೇಕು. ಹುಚ್ಚು ಅನ್ನಿಸುತ್ತದೆ, ಆದರೆ ಲೆಕ್ಕಾಚಾರ ಇಲ್ಲದ ಹುಚ್ಚಲ್ಲ. ಪ್ರೊಪೆಲ್ಲರ್ ಗಾಡಿಯನ್ನು ಎಳೆದರೆ ಗೇರ್‌ಬಾಕ್ಸ್ ಬೇಡ, ಕ್ಲಚ್ ಬೇಡ, ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟೂ ಬೇಡ. ಗಾಡಿ ಹಗುರ ಆಯಿತು, 1927ರಲ್ಲಿ ಮೋಂಟ್ಲೆರಿ ಟ್ರ್ಯಾಕಿನಲ್ಲಿ ಗಂಟೆಗೆ 171 ಕಿ.ಮೀ. ಮುಟ್ಟಿತು. ಆದರೆ ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವುದು ಪ್ರೊಪೆಲ್ಲರ್‌ಗೆ ಸುಲಭದ ಕೆಲಸ ಅಲ್ಲ. ಜನ ಓಡಾಡುವ ಬೀದಿಯಲ್ಲಿ ಮುಂದೆ ತಿರುಗುವ ಬ್ಲೇಡ್ ಬೇರೆ. ಅದಕ್ಕಿಂತ ದೊಡ್ಡ ತೊಂದರೆ, ಇದರ ಸ್ಟಿಯರಿಂಗ್ ಹಿಂದಿನ ಚಕ್ರಕ್ಕೆ.

ಹಿಂದಿನ ಚಕ್ರ ತಿರುಗುವ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕಾದರೆ ಗೋದಾಮಿನ ಫೋರ್ಕ್‌ಲಿಫ್ಟ್ ನೋಡಿ. ಎಡಕ್ಕೆ ತಿರುಗಿಸಿದರೆ ಬಾಲ ಮೊದಲು ಬಲಕ್ಕೆ ಬೀಸುತ್ತದೆ. ಗೋಡೆ ಪಕ್ಕದಲ್ಲಿ ನಿಂತಿದ್ದರೆ ಬಾಲ ಗೋಡೆಗೆ ಬಡಿಯಿತು ಅಂತಲೇ ಲೆಕ್ಕ. ಸಣ್ಣ ಜಾಗದಲ್ಲಿ, ನಿಧಾನಕ್ಕೆ ಇದು ವರ. ವೇಗದಲ್ಲಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅಲೆಯುತ್ತದೆ. ಅಮೆರಿಕದ ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್‌ನ ಡೈಮ್ಯಾಕ್ಸಿಯನ್ ಕಾರಿಗೂ ಇದೇ ರೋಗ. ಮೂರೇ ಚಕ್ರ, ಇಂಜಿನ್ ಹಿಂದೆ, ಎಳೆಯುವುದು ಮುಂದಿನ ಎರಡು ಚಕ್ರ, ತಿರುಗುವುದು ಹಿಂದಿನ ಒಂದೇ ಚಕ್ರ. ಆರು ಮೀಟರ್ ಉದ್ದದ ಗಾಡಿಗೆ ಇದು! 1933ರಲ್ಲಿ ಶಿಕಾಗೋದಲ್ಲಿ ಮೊದಲನೇ ಕಾರು ಉರುಳಿ ಓಡಿಸುತ್ತಿದ್ದವನು ಸತ್ತ. ಆ ಅಪಘಾತದಲ್ಲಿ ಇನ್ನೊಂದು ಕಾರೂ ಇತ್ತು, ಹಾಗಾಗಿ ಪೂರ್ತಿ ತಪ್ಪನ್ನು ಇದರ ತಲೆಗೆ ಕಟ್ಟಲಾಗದು. ಆದರೂ ಮೂರು ಕಾರಿಗೇ ಕೆಲಸ ನಿಂತುಹೋಯಿತು. ಮಾಡೆಲ್‌ಗೆ ಇದನ್ನು ನಾನು ಬೇಡ ಅನ್ನುತ್ತೇನೆ. ಮೂರೂ ಒಂದೇ ಥರ ಇರಲಿಲ್ಲ, ಈಚೆಗೆ ಹೊಸದಾಗಿ ಕಟ್ಟಿದ ನಕಲೂ ಇದೆ. ಯಾವ ಫೋಟೋ ಯಾವುದರದ್ದು ಅಂತ ಬಿಡಿಸುವುದರಲ್ಲೇ ಸುಸ್ತಾಗುತ್ತೀರಿ.

ಬಿಸಿಯ ವಿಷಯಕ್ಕೆ ರುಂಪ್ಲರ್ ಟ್ರೋಪ್ಫೆನ್‌ವಾಗನ್ ನೋಡಿ. 1921ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದ ಹನಿಯಾಕಾರದ ಕಾರು. 1979ರಲ್ಲಿ ಫೋಕ್ಸ್‌ವಾಗನ್‌ನವರು ವಿಂಡ್ ಟನಲ್‌ನಲ್ಲಿ ಇಟ್ಟು ಅಳೆದರೆ ಗಾಳಿಯ ತಡೆಯ ಅಂಕಿ 0.28 ಮಾತ್ರ ಬಂತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಷ್ಟೋ ಹೊಸ ಕಾರುಗಳಿಗೂ ಅಷ್ಟು ಕಡಿಮೆ ಬರುವುದಿಲ್ಲ. ಆದರೆ ಇಂಜಿನ್ ವಿಪರೀತ ಬಿಸಿಯಾಗುತ್ತಿತ್ತು, ಸಾಮಾನು ಇಡಲು ಜಾಗ ಇರಲಿಲ್ಲ. ಆಕಾರ ಗೆದ್ದಿತು, ಕಾರು ಸೋತಿತು. ಅದೇ ದಾರಿಯಲ್ಲಿ ಬಂದ ಜೆಕೊಸ್ಲೊವಾಕಿಯಾದ ಟಾಟ್ರಾ 87 ನೋಡಿ. ಹಿಂದೆ ಗಾಳಿಯಲ್ಲೇ ತಣಿಯುವ ವಿ8 ಇಂಜಿನ್, ಬೆನ್ನಿನ ಮೇಲೆ ಮೀನಿನ ರೆಕ್ಕೆ, 85 ಅಶ್ವಶಕ್ತಿಗೆ ಗಂಟೆಗೆ 160 ಕಿ.ಮೀ. ನೀರಿನ ರೇಡಿಯೇಟರ್ ಗೊಡವೆಯೇ ಇಲ್ಲ. ಭಾರ ಹಿಂದೆ ಇದ್ದದ್ದರಿಂದ ತಿರುವಿನಲ್ಲಿ ಬಾಲ ಎಸೆಯುತ್ತಿತ್ತು ನಿಜ. ಆದರೂ 1936ರಿಂದ 1950ರವರೆಗೆ ತಯಾರಾಯಿತು. ಇದನ್ನು ಆರರಲ್ಲಿ ಇಡಲೇಬೇಕು.

ಇನ್ನು ದಿನದ ಕೆಲಸ. ಇದಕ್ಕೆ ಆಂಫಿಕಾರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಪಶ್ಚಿಮ ಜರ್ಮನಿಯದು, ಹನ್ಸ್ ಟ್ರಿಪ್ಪೆಲ್ ರೂಪಿಸಿದ್ದು, 1961ರಿಂದ ಮಾರಾಟಕ್ಕೆ ಬಂತು, ಒಟ್ಟು 3,878 ತಯಾರಾದವು. ಹಿಂದೆ ಟ್ರಯಂಫ್ ಹೆರಾಲ್ಡ್‌ನ 1147 ಸಿಸಿ ಇಂಜಿನ್. ಕೆರೆಗೆ ನೇರವಾಗಿ ಇಳಿಸಬಹುದು. ಬಾಗಿಲಿಗೆ ಇನ್ನೊಂದು ಹಿಡಿ ಇದೆ. ಅದನ್ನು ಬಿಗಿದರೆ ಎರಡನೇ ರಬ್ಬರ್ ಸೀಲು ಅದುಮಿ ಕೂರುತ್ತದೆ. ಇನ್ನೊಂದು ಲಿವರ್ ಎಳೆದರೆ ಹಿಂದಿನ ಎರಡು ಪ್ರೊಪೆಲ್ಲರ್ ಓಡುತ್ತವೆ. ಚುಕ್ಕಾಣಿ ಬೇರೆ ಇಲ್ಲ, ಮುಂದಿನ ಚಕ್ರ ತಿರುಗಿಸಿದರೆ ಅದೇ ಚುಕ್ಕಾಣಿ. ನೀರಿನಲ್ಲಿ ಗಂಟೆಗೆ 7 ನಾಟಿಕಲ್ ಮೈಲಿ, ರಸ್ತೆಯಲ್ಲಿ 70 ಮೈಲಿ, ಅದಕ್ಕೇ 770 ಅನ್ನುವ ಹೆಸರು. ಒಳಗೆ ನುಗ್ಗಿದ ನೀರು ಎತ್ತಲು ಪಂಪ್ ಕೂಡ ಇದೆ. ಕೇಳಲು ಚೆನ್ನಾಗಿದೆ ಅಲ್ವಾ? ಈಗ ದಡಕ್ಕೆ ಬಂದ ಮೇಲಿನ ಕತೆ ಕೇಳಿ. ಗಾಡಿಯ ಅಡಿಯಲ್ಲಿ ಗ್ರೀಸ್ ಹೊಡೆಯಬೇಕಾದ ಜಾಗ ಹದಿಮೂರು. ಅದರಲ್ಲಿ ಒಂದಕ್ಕೆ ಕೈ ಹಾಕಲು ಹಿಂದಿನ ಸೀಟನ್ನೇ ಬಿಚ್ಚಬೇಕು. ಬಿಟ್ಟರೆ ತುಕ್ಕು. ಭಾನುವಾರ ಮಜಾ ಮಾಡಿ ಸೋಮವಾರ ಗಾಡಿ ಅಡಿಯಲ್ಲಿ ಮಲಗುವ ಮನಸ್ಸು ಎಷ್ಟು ಜನಕ್ಕೆ ಇರುತ್ತದೆ?

ಸಣ್ಣ ಗಾಡಿಗಳಲ್ಲಿ ನನಗೆ ಜಾಸ್ತಿ ಇಷ್ಟ ಮೆಸ್ಸರ್‌ಶ್ಮಿಟ್ ಕೆಆರ್200, 1955ರದ್ದು. ಮೂರು ಚಕ್ರ, ಮೇಲೆ ಪಾರದರ್ಶಕ ಮುಚ್ಚಳ, ಜೊತೆಗೆ 191 ಸಿಸಿ ಟೂ ಸ್ಟ್ರೋಕ್ ಇಂಜಿನ್. ಇದಕ್ಕೆ ರಿವರ್ಸ್ ಗೇರ್ ಇಲ್ಲ. ಹಿಂದೆ ಹೋಗಬೇಕಾದರೆ ಇಂಜಿನ್ ಆಫ್ ಮಾಡಿ, ಕೀಲಿಯನ್ನು ಇನ್ನಷ್ಟು ಒಳಗೆ ಒತ್ತಿ ತಿರುಗಿಸಬೇಕು. ಇಂಜಿನ್ ಉಲ್ಟಾ ದಿಕ್ಕಿನಲ್ಲಿ ಸ್ಟಾರ್ಟ್ ಆಗುತ್ತದೆ! ಈ ಇಂಜಿನ್ನಿಗೆ ವಾಲ್ವ್ ಇಲ್ಲ, ಗಾಳಿ, ಹೊಗೆ ಹೋಗಿಬರುವ ಕಿಂಡಿಗಳನ್ನು (ಪೋರ್ಟ್) ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹಾಗಾಗಿ ಕಿಡಿ ಸರಿಯಾದ ಹೊತ್ತಿಗೆ ಹಾರಿದರೆ ಅದಕ್ಕೆ ಎರಡೂ ದಿಕ್ಕು ಒಂದೇ. ಫಲ ಏನೆಂದರೆ ನಾಲ್ಕೂ ಗೇರು ಹಿಂದಕ್ಕೂ ಸಿಗುತ್ತವೆ. ಅಂದ ಹಾಗೆ, ಮೆಸ್ಸರ್‌ಶ್ಮಿಟ್ ಕಂಪನಿ ಮೊದಲು ಯುದ್ಧವಿಮಾನ ಮಾಡುತ್ತಿತ್ತು, ಆದರೆ ಆ ಮುಚ್ಚಳ ಅಂಥ ವಿಮಾನದಿಂದ ಉಳಿದದ್ದು ಅಂತ ಹೇಳುವುದು ಸುಳ್ಳು. ವಿವರಣೆ ಚೀಟಿಯಲ್ಲಿ ಅದನ್ನು ಬರೆಯಬೇಡಿ.

ವಿಚಿತ್ರವಾಗಿದ್ದೂ ಗೆದ್ದದ್ದು ಬಿಎಂಡಬ್ಲ್ಯೂ ಇಸೆಟ್ಟಾ. ಬಾಗಿಲು ಮೂತಿಯಲ್ಲಿ, ತೆರೆದರೆ ಸ್ಟಿಯರಿಂಗ್ ಕೂಡ ಬಾಗಿಲ ಜೊತೆ ಪಕ್ಕಕ್ಕೆ ಸರಿಯುತ್ತದೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಮಾರಾಟ. ಜನ ವಿಚಿತ್ರಕ್ಕೆ ಹೆದರಿ ಓಡುತ್ತಾರೆ ಅನ್ನುವವರಿಗೆ ಇದನ್ನು ತೋರಿಸಿ.

ಗಾಡಿಯ ತಪ್ಪಿಲ್ಲದೆ ಸೋತದ್ದೂ ಇದೆ, ಒಪ್ಪುತ್ತೇನೆ. 1948ರ ಅಮೆರಿಕದ ಟಕರ್ ಕಾರು ಬರೀ 51 ತಯಾರಾಗಿ ನಿಂತದ್ದು ಹಣ ಮತ್ತು ಕೋರ್ಟಿನ ಕೇಸಿನಿಂದ. ಕೇಸು ಖುಲಾಸೆ ಆಗುವ ಹೊತ್ತಿಗೆ ಕಾರ್ಖಾನೆ ಇರಲಿಲ್ಲ. ಪಿಸ್ಟನ್ ಬದಲು ವಿಮಾನದ ಜೆಟ್ ಥರದ ಇಂಜಿನ್ ಇದ್ದ ಕ್ರೈಸ್ಲರ್ ಟರ್ಬೈನ್ ಈ ಎರಡು ಬಗೆಯ ನಡುವಿನದು. 1963ರಿಂದ 50 ಕಾರುಗಳನ್ನು ಸರದಿಯಂತೆ 203 ಮಂದಿಗೆ ಸುಮ್ನೆ ಓಡಿಸಲು ಕೊಟ್ಟರು. ಡೀಸೆಲ್ಲೋ ಸೀಮೆಎಣ್ಣೆಯೋ ಏನು ಹಾಕಿದರೂ ಓಡುತ್ತಿತ್ತು, ನಡುಕ ಇಲ್ಲ. ಆದರೆ ಟರ್ಬೈನ್ ನಿಮಿಷಕ್ಕೆ 44,600 ಸುತ್ತಿನವರೆಗೆ ಏರಬೇಕು. ಪೆಡಲ್ ತುಳಿದ ತಕ್ಷಣ ಗಾಡಿ ಜಿಗಿಯುವುದಿಲ್ಲ, ಸ್ವಲ್ಪ ಕಾಯಿಸುತ್ತದೆ. ಎಣ್ಣೆಯನ್ನೂ ಜಾಸ್ತಿ ಕುಡಿಯುತ್ತಿತ್ತು. ಕೊನೆಗೆ ಮೊದಲಿನ ಐದು ಮಾದರಿ ಸೇರಿ 55ರಲ್ಲಿ 46ನ್ನು ಕಂಪನಿಯೇ ಪುಡಿ ಮಾಡಿತು.

ಹಂಸದ ಆಕಾರದ 1910ರ ಕಲ್ಕತ್ತೆಯ ಕಾರು ಬೇಕೇ ಬೇಕು ಅಂತ ಬರೆದಿದ್ದೀರಿ. ನೋಡಲು ಚೆಂದ, ಆದರೆ ಅದು ಒಬ್ಬ ಸಾಹುಕಾರನ ತಮಾಷೆ. ಹೊಸ ಪ್ರಶ್ನೆಗೆ ಉತ್ತರ ಹುಡುಕಿದ ಗಾಡಿ ಅಲ್ಲ. ಎಂಟು ಚಕ್ರದ 1911ರ ರೀವ್ಸ್ ಆಕ್ಟೋಆಟೋ ಕೂಡ ಬಿಡಿ, ಚಕ್ರ ಹೆಚ್ಚಿಸಿದ್ದು ಬಿಟ್ಟರೆ ಹೇಳಲು ಏನಿಲ್ಲ.

ಹಾಗಾಗಿ ನನ್ನ ಆರು: ಹೆಲಿಕಾ, ಟಾಟ್ರಾ 87, ಕೆಆರ್200, ಆಂಫಿಕಾರ್, ಕ್ರೈಸ್ಲರ್ ಟರ್ಬೈನ್, ಮತ್ತೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಸಿಟ್ರೋಯೆನ್ 2ಸಿವಿ ಸಹಾರಾ. ಕೊನೆಯದು ಮೇಲ್ನೋಟಕ್ಕೆ ಮಾಮೂಲಿ ಕಾರು. ಆದರೆ ಮುಂದೊಂದು, ಹಿಂದೊಂದು 425 ಸಿಸಿ ಇಂಜಿನ್, ಎರಡು ಪೆಟ್ರೋಲ್ ಟ್ಯಾಂಕ್. ನಾಲ್ಕು ಚಕ್ರಕ್ಕೂ ಶಕ್ತಿ ಬೇಕು, ಮಧ್ಯೆ ಉದ್ದದ ಶಾಫ್ಟ್ ಬೇಡ ಅಂತ ಮಾಡಿದ ಉಪಾಯ. ಬರೀ 694 ತಯಾರಾದವು.

ಎಲ್ಲವನ್ನೂ ಒಂದೇ ಅಳತೆಯಲ್ಲಿ ಮಾಡಿ, 1:24 ಆದರೆ ಒಳಗಿನ ಕೆಲಸ ಕಾಣುತ್ತದೆ. ಕೆಆರ್200ರ ಮುಚ್ಚಳ ಪಕ್ಕಕ್ಕೆ ತೆರೆದಿರಲಿ. ಆಂಫಿಕಾರ್ ಅಡಿಯಲ್ಲಿ ಕನ್ನಡಿ ಇಟ್ಟರೆ ಪ್ರೊಪೆಲ್ಲರ್ ಕಾಣುತ್ತದೆ. ಟರ್ಬೈನ್‌ಗೆ ಬಣ್ಣದ ಚಿಂತೆ ಬೇಡ, ಜನರಿಗೆ ಕೊಟ್ಟ ಐವತ್ತೂ ಒಂದೇ ಕಂಚಿನ ಬಣ್ಣ. ಸಹಾರಾಗೆ ಮಾತ್ರ ಹುಷಾರು: ಸ್ಟೆಪ್ನಿ ಬಾನೆಟ್ ಮೇಲೆ ಬರಬೇಕು, ಪೆಟ್ರೋಲ್ ಹಾಕುವ ಬಾಯಿ ಮುಂದಿನ ಬಾಗಿಲುಗಳಲ್ಲಿ ಕೊರೆದ ಜಾಗದಲ್ಲಿ. ಇವೆರಡು ತಪ್ಪಿದರೆ ನೋಡಿದವರಿಗೆ ಅದು ಬರೀ 2ಸಿವಿ.